ಕೈಕಟ್ಟಿ ಕೂರುವ ಕೆಲಸ

ಹೋಟೆಲಿನವರ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಆರೈಕೆಗೆ ಕೊರತೆಯೆಂಬುದಿಲ್ಲ. ಸಂಕಪ್ಪನವರಿಗೆ ಲಕ್ವ ಹೊಡೆದು, ಬಲಗೈ ಸೋತು, ಐದು ತಿಂಗಳಾಗಿತ್ತು. ಈ ಐದು ತಿಂಗಳಲ್ಲಿ ಅವರು ಒಂದು ಸಲವಾದರೂ 'ನೀರು ಕೊಡು' ಎಂದು ಬಾಯಿಬಿಟ್ಟು ಕೇಳಿದ್ದಿಲ್ಲ. ಕೇಳಬೇಕೆಂದು ಅವರಿಗೆ ಅನ್ನಿಸುವಷ್ಟರಲ್ಲೇ ಲೋಟ ತುಟಿಯ ಹತ್ತಿರ ಬಂದಿರುತ್ತಿತ್ತು. ಹಿಡಿದು ನಿಂತವಳು ಹೆಂಡತಿ ಅಕ್ಕು. ಅನ್ನ ಕಲಸಿ ಬಾಯಿಗೆ ಇಡುವವಳು ಅವಳು, ಅಂಗಿಯ ಗುಂಡಿ ಹಾಕುವವಳು ಅವಳು, ಕೈಮೇಲೆ ಸೊಳ್ಳೆ ಕೂತರೆ ಓಡಿಸುವವಳೂ ಅವಳೇ. ಪುಣೆಯ ವಾಕಡದ ಆ ಏಳನೆಯ ಮಹಡಿಯ ಮನೆಗೆ ನೋಡಲು ಬಂದವರೆಲ್ಲ "ನಿಮ್ಮ ಗಂಡ ಪುಣ್ಯವಂತ, ಅಕ್ಕು" ಎಂದು ಹೇಳಿಯೇ ಲಿಫ್ಟ್ ಹತ್ತುತ್ತಿದ್ದರು. ಕೇಳಿದಾಗಲೆಲ್ಲ ಅವಳಿಗೆ ಒಳಗೊಳಗೇ ಹಿಗ್ಗು. ಯಾಕಾಗಬಾರದು ಹೇಳಿ? ಅರುವತ್ತು ವರ್ಷದ ಹೆಂಗಸು, ಮೊಣಕಾಲು ನೋವು ಬೇರೆ, ಆದರೂ ಒಂದು ಗಳಿಗೆ ಕೂತವಳಲ್ಲ.

ಈ ವಿದ್ಯೆಯನ್ನು ಅವಳಿಗೆ ಕಲಿಸಿದ್ದು ಅದೇ ಸಂಕಪ್ಪನವರು. ಮೂವತ್ತೇಳು ವರ್ಷದ ಹಿಂದೆ ಕಾರ್ಕಳದ ಕಡೆಯಿಂದ ಅವಳು ಮದುವೆಯಾಗಿ ಬಂದಾಗ, ಪಿಂಪ್ರಿಯಲ್ಲಿ ಒಂದು ಕಂಪೆನಿಯ ಗೇಟಿನೆದುರು ಅವರದೊಂದು ಸಣ್ಣ ಇಡ್ಲಿ-ದೋಸೆ ಹೋಟೆಲಿತ್ತು. ಅದರ ಬೆನ್ನಿಗೇ ಒಂದು ಕೋಣೆಯ ಮನೆ. ಪಾಳಿ ಬಿಟ್ಟ ಸೈರನ್ ಕೂಗಿತೆಂದರೆ ಸಾಕು, ನೀಲಿ ಅಂಗಿಯ ಕಾರ್ಮಿಕರು "ಅಣ್ಣಾ, ಅಣ್ಣಾ" ಎನ್ನುತ್ತ ಒಟ್ಟಿಗೇ ನುಗ್ಗುತ್ತಿದ್ದರು. ಅಡುಗೆಮನೆಯ ಕಿಂಡಿಯಲ್ಲಿ ನಿಂತು ಯಾರಿಗೆ ಏನು ಬೇಕು ಎಂದು ತಿಳಿಯದೆ ಅಕ್ಕು ಕಂಗಾಲಾಗಿದ್ದಳು.

"ಕೈ ನೋಡ್ಬೇಡ, ಕುತ್ತಿಗೆ ನೋಡು," ಎಂದಿದ್ದರು ಸಂಕಪ್ಪ. "ಗಿರಾಕಿ ಕೈ ಎತ್ತಿದ ಅಂದ್ರೆ ನಮ್ಮದು ಆಗ್ಲೇ ತಡ ಆಯ್ತು ಅಂತ. ಬೇಕು ಅಂತ ಅನ್ನಿಸಿದ ಕೂಡ್ಲೆ ಮನುಷ್ಯನ ಕುತ್ತಿಗೆ ಒಮ್ಮೆ ಅಲ್ಲಾಡ್ತದೆ. ಆಗ ಓಡ್ಬೇಕು."

ವಾರದೊಳಗೆ ಅವಳು ಕಲಿತಳು. ಬೆನ್ನು ನೋಡಿಯೇ ಇವನಿಗೆ ಚಟ್ನಿ, ಅವನಿಗೆ ಸಾಂಬಾರು ಎಂದು ಹೇಳುವಷ್ಟು ಕಲಿತಳು. ಪುಣೆಯ ಚಳಿಗೆ ದೋಸೆಹಿಟ್ಟು ಹುಳಿಯದೆ ಸತಾಯಿಸಿದರೆ ಗಂಡ ಹೆಂಡತಿ ತಮ್ಮ ಕಂಬಳಿಯನ್ನು ಹಿಟ್ಟಿನ ಪಾತ್ರೆಗೆ ಹೊದೆಸಿ, ತಾವು ಒಂದೇ ಶಾಲಿನಲ್ಲಿ ಮುದುಡಿಕೊಳ್ಳುತ್ತಿದ್ದರು. "ನಮಗಿಂತ ಹಿಟ್ಟಿನದ್ದೇ ಸುಖ," ಎಂದು ಸಂಕಪ್ಪ ನಗಿಸುತ್ತಿದ್ದರು. ಆ ದಿನಗಳನ್ನು ನೆನೆದರೆ ಅಕ್ಕುವಿಗೆ ಈಗಲೂ ಹೊಟ್ಟೆಯಲ್ಲಿ ಬೆಚ್ಚಗಾಗುತ್ತಿತ್ತು.

ಹೀಗೆ ನಡೆಯುತ್ತಿದ್ದ ಮನೆಯಲ್ಲಿ, ಒಂದು ಮಂಗಳವಾರ ಬೆಳಿಗ್ಗೆ, ಅಕ್ಕು ನೀರುದೋಸೆ ಹೊಯ್ಯುತ್ತಿದ್ದಾಗ ಸೊಸೆ ಚಿತ್ರಾ ಮೊಬೈಲು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

"ಅತ್ತೆ, ಸಿಕ್ಕಿತು!"

"ಎಂತ ಸಿಕ್ಕಿದ್ದು?"

"ಫೆಲೋಶಿಪ್. ಚೆನ್ನೈಯದ್ದು. ಅಲ್ಲಿ ಇದ್ದದ್ದೇ ಎರಡು ಸೀಟು ಅತ್ತೆ, ಅದ್ರಲ್ಲಿ ಒಂದು ನನಗೆ."

ಚಿತ್ರಾ ಡಾಕ್ಟರು. ಬರೀ ಡಾಕ್ಟರಲ್ಲ, ಅದರ ಮೇಲೆ ಇನ್ನೂ ಮೂರು ವರ್ಷ ಓದಿದವಳು. ಲಕ್ವ ಹೊಡೆದವರು, ಬಿದ್ದು ಸೊಂಟ ಮುರಿದವರು, ಕಾಲು ಕಳೆದುಕೊಂಡವರು, ಇಂಥವರನ್ನು ಮತ್ತೆ ಸ್ವಂತ ಬದುಕಿಗೆ ನಿಲ್ಲಿಸುವ ವೈದ್ಯಶಾಖೆ ಅವಳದು. ಪುನರ್ವಸತಿ ವೈದ್ಯೆ ಎಂದು ಆಸ್ಪತ್ರೆಯ ಬೋರ್ಡಿನಲ್ಲಿ ಬರೆದಿತ್ತು. ಈಗ ಅದರೊಳಗಿನ ಒಂದೇ ಒಂದು ಸಂಗತಿಯನ್ನು, ಬೆನ್ನುಹುರಿಗೆ ಪೆಟ್ಟು ಬಿದ್ದವರ ಆರೈಕೆಯನ್ನು, ಒಂದು ವರ್ಷ ಚೆನ್ನೈಯಲ್ಲಿ ದೊಡ್ಡವರ ಕೈಕೆಳಗೆ ನಿಂತು ಕಲಿಯುವ ಅವಕಾಶ ಬಂದಿತ್ತು.

"ಇನ್ನೂ ಕಲೀಲಿಕ್ಕುಂಟಾ?" ಎಂದಳು ಅಕ್ಕು. ಕಾವಲಿಯ ಮೇಲಿನ ದೋಸೆ ಸೀದಿತು. "ಮೂವತ್ತೈದು ಆಯ್ತಲ್ಲ ಮಾರಾಯ್ತಿ ನಿನಗೆ. ಇಂಪನಾನ ಶಾಲೆ ಉಂಟು. ಮಾವ ಹೀಗೆ ಕೂತಿದ್ದಾರೆ."

"ಐದನೇ ತಾರೀಕಿನೊಳಗೆ ಹೇಳ್ಬೇಕು ಅತ್ತೆ. ಇನ್ನೂ ಮೂರು ವಾರ ಉಂಟು. ನೀವು ಹ್ಞೂ ಅಂದ್ರೆ ಮಾತ್ರ ನಾನು ಹೋಗುದು."

ಮಾತು ನಿಜವಾಗಿತ್ತು. ಚಿತ್ರಾಳ ಗಂಡ ಸುಖೇಶ್ ಬೆಳಿಗ್ಗೆ ಐದಕ್ಕೆ ಹೋಟೆಲಿಗೆ ಹೋದರೆ ಬರುವುದು ರಾತ್ರಿಗೆ. ಮನೆ, ಎಂಟು ವರ್ಷದ ಮಗಳು, ಮಾವ, ಎಲ್ಲವೂ ಬೀಳುವುದು ಅಕ್ಕುವಿನ ತಲೆಗೇ. ಅವಳು ಒಲ್ಲೆ ಎಂದರೆ ಚೆನ್ನೈ ಅಲ್ಲಿಗೇ ಮುಗಿಯಿತು. ಇದು ಅಕ್ಕುವಿಗೂ ಗೊತ್ತಿತ್ತು.

ಮೊದಲ ವಾರದ ಜಗಳ ಊಟದ ಮೇಜಿನಲ್ಲೇ ಆಯಿತು. ಭಾನುವಾರ, ಬಂಗುಡೆಯ ಗಸಿ. ಅಕ್ಕು ಮುಳ್ಳು ಬಿಡಿಸಿ ಸಂಕಪ್ಪನವರ ಬಾಯಿಗೆ ತುತ್ತಿಡುತ್ತಿದ್ದಳು.

"ನನಗೊಂದು ಅರ್ಥ ಆಗುದಿಲ್ಲ ಚಿತ್ರಾ," ಎಂದ ಸುಖೇಶ್. "ಪೇಶಂಟ್ ಮನೆಯಲ್ಲೇ ಇದ್ದಾರೆ. ಇವರನ್ನು ಬಿಟ್ಟು ನೀನು ಬೇರೆಯವರ ಬೆನ್ನು ನೋಡ್ಲಿಕ್ಕೆ ಚೆನ್ನೈಗೆ ಹೋಗುದಾ? ಜನ ಎಂತ ಹೇಳ್ತಾರೆ?"

"ಜನರಿಗೆ ಬೆನ್ನು ಮುರಿದ್ರೆ ಆಗ ಗೊತ್ತಾಗ್ತದೆ. ಕಬ್ಬಿನ ಟ್ರಾಲಿಯಿಂದ ಬಿದ್ದವರು, ಹೈವೇಯಲ್ಲಿ ಬೈಕಿಂದ ಬಿದ್ದವರು ವಾರಕ್ಕೆ ಇಬ್ರು ಬರ್ತಾರೆ. ಚೆನ್ನಾಗಿ ಮಾಡಿ ಮನೆಗೆ ಕಳಿಸ್ತೇವೆ. ಆರು ತಿಂಗಳಲ್ಲಿ ಬೆನ್ನಿಗೆ ಹುಣ್ಣಾಗಿ, ಮೂತ್ರದಲ್ಲಿ ಕೀವಾಗಿ ವಾಪಸ್ಸು ಬರ್ತಾರೆ. ನನಗೆ ಬರುವ ವಿದ್ಯೆ ಅಲ್ಲಿಗೆ ಮುಗೀತದೆ ಸುಖೇಶ್. ಅದನ್ನೇ ಕಲೀಲಿಕ್ಕೆ ಹೋಗುದು."

"ಮತ್ತೆ ಮಾವನ ಕೈ?" ಎಂದಳು ಅಕ್ಕು ಚುರುಕಾಗಿ. "ದಿನಾ ಒಬ್ಬ ಹುಡುಗ ಬಂದು ಒಂದು ಗಂಟೆ ಎಕ್ಸರ್ಸೈಸ್ ಮಾಡಿಸಿ ಹೋಗ್ತಾನೆ. ಐದು ತಿಂಗಳಾಯ್ತು. ಕೈ ಎಂತ ಎದ್ದಿದೆಯಾ?"

ಚಿತ್ರಾ ಏನೋ ಹೇಳಲು ಹೋಗಿ, ಅತ್ತೆಯ ಬೆರಳಲ್ಲಿದ್ದ ತುತ್ತನ್ನು ನೋಡಿ, ಬಾಯಿ ಮುಚ್ಚಿಕೊಂಡಳು. ಮೊದಲ ತಿಂಗಳಲ್ಲೇ ಒಮ್ಮೆ ಅವಳು, "ಅತ್ತೆ, ಅವರೇ ತಿನ್ಲಿ, ಚೆಲ್ಲಿದ್ರೆ ಚೆಲ್ಲಲಿ" ಎಂದು ಹೇಳಿದ್ದಳು. ಅದಕ್ಕೆ ಅಕ್ಕು, "ನನ್ನ ಗಂಡನಿಗೆ ಅನ್ನ ಕೊಡ್ಲಿಕ್ಕೆ ನಿನ್ನ ಚೀಟಿ ಬೇಕಾ?" ಎಂದು ಕೆಂಡವಾಗಿದ್ದಳು. ಎರಡು ದಿನ ಮಾತಿರಲಿಲ್ಲ. ಆಮೇಲೆ ಚಿತ್ರಾ ಆ ಸುದ್ದಿಯೇ ಎತ್ತಿರಲಿಲ್ಲ.

"ಅಮ್ಮ ಹೋದ್ರೆ ನನಗೆ ಜಡೆ ಯಾರು ಹಾಕೋದು?" ಎಂದಳು ಇಂಪನಾ.

"ನಾನಿಲ್ವಾ?" ಎಂದುಬಿಟ್ಟಳು ಅಕ್ಕು. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡಳು. ತನ್ನ ಕಡೆಯ ವಾದವನ್ನು ತಾನೇ ಕೆಡಿಸಿಕೊಂಡಂತಾಯಿತಲ್ಲ!

ಸಂಕಪ್ಪನವರ ತುಟಿ ಆಗ ಅಲುಗಿತು. ಅವರಿಗೆ ಮಾತು ಹೋಗಿರಲಿಲ್ಲ. ಆದರೆ ಒಂದೊಂದು ಶಬ್ದ ಹೊರಬರಲು ಹೊತ್ತು ಬೇಕಿತ್ತು. ಆ ಹೊತ್ತು ಈ ಮನೆಯಲ್ಲಿ ಯಾರ ಹತ್ತಿರವೂ ಇರಲಿಲ್ಲ.

"ಮಜ್ಜಿಗೆಯಾ ಅಪ್ಪ?" ಎಂದ ಸುಖೇಶ್, ಕೇಳುತ್ತಲೇ ಬಗ್ಗಿಸಿಯೂ ಆಗಿತ್ತು. ಸಂಕಪ್ಪ ಮಜ್ಜಿಗೆಯನ್ನು ನೋಡಿದರು, ಬಾಯಿ ಮುಚ್ಚಿದರು.

ಎರಡನೆಯ ವಾರ ಮನೆಯಲ್ಲಿ ಮಿಕ್ಸಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಚಿತ್ರಾ ದಾರಿ ಹುಡುಕುತ್ತಿದ್ದಳು. ಪುತ್ತೂರಿನಿಂದ ತನ್ನ ತಾಯಿಯನ್ನು ಕರೆಸುತ್ತೇನೆ ಎಂದಳು.

"ಬೀಗಿತ್ತಿ ಬಂದು ನನ್ನ ಗಂಡನ ಚಾಕರಿ ಮಾಡುದಾ? ಬೇಡಪ್ಪ ಬೇಡ."

"ಇಂಪನಾನ ನೋಡ್ಕೊಳ್ಳಿಕ್ಕೆ ಅತ್ತೆ."

"ಯಾಕೆ, ನಾನು ನೋಡ್ಕೊಳ್ಳುವುದು ಸಾಲುದಿಲ್ವಾ?"

ಹಾಗೆ ಹೇಳಿದರೂ ತಪ್ಪು, ಹೀಗೆ ಹೇಳಿದರೂ ತಪ್ಪು. ಒಂದು ಸಂಜೆ ಬಟ್ಟೆ ಮಡಚುತ್ತ ಚಿತ್ರಾ ಮೆಲ್ಲಗೆ, "ಬಿಡಿ ಅತ್ತೆ, ನಾನು ಹೋಗುದಿಲ್ಲ. ಬರಲ್ಲ ಅಂತ ಬರೆದು ಹಾಕ್ತೇನೆ," ಎಂದಳು. ಅಳಲಿಲ್ಲ, ಸಿಡುಕಲಿಲ್ಲ. ಸುಖೇಶನ ಅಂಗಿಯ ಕಾಲರ್ ಸರಿಮಾಡಿ, ಅದರ ಮೇಲೆ ಇನ್ನೊಂದನ್ನು ಇಟ್ಟು, ಎದ್ದು ಹೋದಳು.

ಗೆದ್ದದ್ದು ಅಕ್ಕು. ಆದರೆ ಈ ಗೆಲುವಿನ ರುಚಿ ಅವಳಿಗೆ ಮೊದಲೇ ಪರಿಚಯವಿತ್ತು. ಮಡಚಿಟ್ಟ ಬಟ್ಟೆಗಳನ್ನೇ ಮತ್ತೆ ಬಿಚ್ಚಿ ಮಡಚಿದಳು.

ಮೊದಲ ಸಲ ಅವಳು ಹೀಗೆ ಗೆದ್ದದ್ದು ಸುಖೇಶ್ ಆರು ತಿಂಗಳ ಮಗುವಾಗಿದ್ದ ವರ್ಷ. ಮುಂಬಯಿಯ ಮಾಟುಂಗದಿಂದ ರಾಘಣ್ಣ ಎಂಬ ಹಿರಿಯ ಅಡುಗೆಯವರೊಬ್ಬರು ಯಾರದೋ ಮದುವೆಗೆಂದು ಪಿಂಪ್ರಿಗೆ ಬಂದಿದ್ದರು. ಸಿಹಿತಿಂಡಿಯಲ್ಲಿ ಎತ್ತಿದ ಕೈ ಅವರದು. ಸಂಕಪ್ಪ ಅವರ ಬಾಣಲೆಯ ಪಕ್ಕ ಎರಡು ದಿನ ಬಿಡದೆ ನಿಂತದ್ದನ್ನು ನೋಡಿ ರಾಘಣ್ಣ ಹೇಳಿದ್ದರು: "ಒಂದು ವರ್ಷ ಬಂದು ನನ್ನ ಕೈಕೆಳಗೆ ನಿಲ್ಲು. ಪಾಕದ ಹದ ಒಂದನ್ನು ಕಲಿಸಿಕೊಡ್ತೇನೆ. ಬೇರೆಲ್ಲ ನಿನಗೆ ಬರ್ತದೆ." ಸಂಕಪ್ಪ ಅಂದು ಮನೆಗೆ ಕುಣಿಯುತ್ತ ಬಂದಿದ್ದರು.

"ಸ್ವಂತ ಹೋಟೆಲಿದ್ದವರು ಹೋಗಿ ಇನ್ನೊಬ್ರ ಬಾಣಲೆ ತೊಳಿಯುದಾ?" ಎಂದಿದ್ದಳು ಅಕ್ಕು. "ಹಾಗೆ ಹೋಗುದಾದ್ರೆ ನಾನು ಮಗುವನ್ನು ಎತ್ಕೊಂಡು ಊರಿಗೆ ಹೋಗ್ತೇನೆ. ಮತ್ತೆ ಕರೀಲಿಕ್ಕೆ ಬರ್ಬೇಡಿ."

ಅವರು ಹೋಗಲಿಲ್ಲ. ಆ ಮಾತನ್ನು ಮತ್ತೆ ಎತ್ತಲೂ ಇಲ್ಲ. ಅಲ್ಲಿಂದ ಮುಂದೆ ಎಷ್ಟು ದೀಪಾವಳಿ ಬಂದವೋ, ಅಷ್ಟು ದೀಪಾವಳಿಗೂ ಸಂಕಪ್ಪ ಪಕ್ಕದ ಬೀದಿಯ ಮಿಠಾಯಿ ಅಂಗಡಿಯಿಂದ ಸಿಹಿ ಕೊಂಡು ತಂದು ತಮ್ಮ ಗಲ್ಲಾಪೆಟ್ಟಿಗೆಯ ಪಕ್ಕದ ಗಾಜಿನ ಕಪಾಟಿನಲ್ಲಿ ಜೋಡಿಸಿದರು. "ಅಣ್ಣಾ, ನಿಮ್ಮದೇ ಮಾಲಾ?" ಎಂದು ಗಿರಾಕಿಗಳು ಕೇಳಿದರೆ "ಅಲ್ಲ" ಎನ್ನುತ್ತಿದ್ದರು. ಸುಳ್ಳು ಹೇಳಿದ್ದರೆ ಯಾರಿಗೆ ತಿಳಿಯುತ್ತಿತ್ತು? ಆದರೂ ಹೇಳುತ್ತಿರಲಿಲ್ಲ. ಅಕ್ಕು ಕಿಂಡಿಯ ಆಚೆಯಿಂದ ಆ 'ಅಲ್ಲ'ವನ್ನು ಎಷ್ಟೋ ಸಲ ಕೇಳಿದ್ದಳು.

ಮೂರನೆಯ ವಾರ, ಗುರುವಾರ, ಸಂಕಪ್ಪನವರಿಗೆ ಚಿತ್ರಾಳ ಆಸ್ಪತ್ರೆಯಲ್ಲೇ ತಿಂಗಳ ತಪಾಸಣೆ. ಮನೆಯವರಿಗೆ ತಾನೇ ಮದ್ದು ಕೊಡಬಾರದೆಂದು ಚಿತ್ರಾ ಅವರನ್ನು ಅಲ್ಲಿನ ಹಿರಿಯ ಡಾಕ್ಟರಿಗೆ ಒಪ್ಪಿಸಿದ್ದಳು. ಅವರನ್ನು ಒಳಗೆ ಕರೆದುಕೊಂಡು ಹೋದಮೇಲೆ ಅಕ್ಕು ಕಾರಿಡಾರಿನಲ್ಲಿ ಅಡ್ಡಾಡುತ್ತ ಒಂದು ವಾರ್ಡಿನ ಬಾಗಿಲಿಗೆ ಬಂದಳು.

ಮಂಚದ ಮೇಲೆ ನಲವತ್ತರ ಆಸುಪಾಸಿನ ಗಂಡಸೊಬ್ಬ ಕೂತು ಅಂಗಿ ತೊಡಲು ಹೆಣಗುತ್ತಿದ್ದ. ಕಾಲುಗಳು ತನ್ನವಲ್ಲವೇನೋ ಎಂಬಂತೆ ಸುಮ್ಮನೆ ಬಿದ್ದಿದ್ದವು. ಒಂದು ತೋಳು ಹೋಗುತ್ತಿತ್ತು, ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಮೈ ವಾಲಿ ದಿಂಬಿಗೆ ಬೀಳುತ್ತಿತ್ತು. ಪಕ್ಕದ ಸ್ಟೂಲಿನಲ್ಲಿ ಹೆಂಡತಿ ಕೂತು ಸುಮ್ಮನೆ ನೋಡುತ್ತಿದ್ದಳು. ಅಕ್ಕುವಿಗೆ ತಡೆಯಲಾಗಲಿಲ್ಲ. ಇಲ್ಲಿಗೆ ಕನ್ನಡದವರೂ ಬಹಳ ಮಂದಿ ಬರುತ್ತಾರೆಂದು ಅವಳಿಗೆ ಗೊತ್ತು; ಕನ್ನಡದಲ್ಲೇ ಕೇಳಿದಳು.

"ಅಲ್ಲ ಮಾರಾಯ್ತಿ, ಆ ತೋಳೊಂದು ಎಳೆದು ಕೊಡ್ಲಿಕ್ಕೆ ಎಂತ ದಾಡಿ ನಿನಗೆ?"

"ಎಳಿಬಾರದ್ರಿ," ಎಂದು ಆಕೆ ನಕ್ಕಳು. "ಅದಕ್ಕ ನೋಡ್ರಿ, ಕೈ ಮ್ಯಾಲೆ ಕುಂತೀನಿ. ಬಿಟ್ರ ಇವು ತಾವ ಓಡಿ ಹೋಗ್ತಾವ." ನಿಜವಾಗಿಯೂ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದಳು. "ಬರ್ರಿ ಅಕ್ಕಾರ, ಕುಂದರ್ರಿ. ನನ್ನ ಹೆಸರು ಭಾಮಾ. ಇವರು ಲಾಲಪ್ಪ. ವಿಜಾಪುರದ ಕಡೇದವ್ರು ನಾವು. ಬಾರಾಮತಿಯಾಗ ಕಬ್ಬು ಕಡೀಲಿಕ್ಕೆ ಬಂದಿದ್ವಿ. ಟ್ರಾಲಿ ಮ್ಯಾಲಿಂದ ಬಿದ್ರು."

"ನೋಡ್ಕೊಂಡು ಹೇಗೆ ಕೂತಿದ್ದಿ?"

"ಭಾಳ ತ್ರಾಸ ಅದರಿ. ನಮ್ಮ ಡಾಕ್ಟರಬಾಯಾರು ಹೇಳ್ಯಾರ, ಭಾಮಾ, ಕೈಕಟ್ಟಿ ಕೂಡೋದ ನಿನ್ನ ಕೆಲಸ, ಇದಕ್ಕಿಂತ ಕಠಿಣ ಕೆಲಸ ಇಲ್ಲ ಅಂತ. ನಾ ನಕ್ಕಿದ್ದೆ. ಹತ್ತು ವರ್ಷ ಕಬ್ಬು ಕಡದಾಕಿ ರೀ ನಾನು! ಈಗ ಗೊತ್ತಾತು, ಕಬ್ಬು ಕಡಿಯೋದ ಹಗುರ." ಸ್ವಲ್ಪ ದನಿ ತಗ್ಗಿಸಿದಳು. "ಮೊದಲಿಗೆ ಎಲ್ಲಾ ನಾನ ಮಾಡ್ತಿದ್ದೆ. ತೊಳಿಯೋದು, ತಿನಸೋದು, ಎಲ್ಲಾ. ಒಂದಿನ ಇವ್ರು ಅಂದ್ರು, ಭಾಮಾ, ನಾ ಇನ್ನ ಸತ್ತಿಲ್ಲ ಅಂತ."

ಬಾಗಿಲಲ್ಲೇ ನಿಂತಿದ್ದ ಅಕ್ಕು ಒಳಗೆ ಬಂದು ಮಂಚದ ತುದಿಯಲ್ಲಿ ಕೂತಳು.

"ಡಾಕ್ಟರಬಾಯಿ ಅಂದ್ರೆ ಯಾರು?"

"ಚಿತ್ರಾಬಾಯಾರು. ಕನ್ನಡದವ್ರ ಅದಾರ. ಎರಡು ಸಲ ಬೆನ್ನಿಗೆ ಹುಣ್ಣಾಗಿ ತಿರುಗಿ ಬಂದೀವಿ ನಾವು. ಇದನ್ನ ಪೂರಾ ಕಲಿಸೋ ದವಾಖಾನಿ ಬ್ಯಾರೆ ಅದ ಅಂತ, ಅಲ್ಲಿ ಒಂದು ವರ್ಷ ಹೋಗಿ ಕಲತು ಬರ್ತೀನಿ ಅಂದಿದ್ರು. ಏನ್ ಖುಷಿ ಇತ್ರಿ ಅವರ ಮಾರಿ ಮ್ಯಾಲೆ! ಮೊನ್ನಿ ಕೇಳಿದ್ರ ಇಲ್ಲ, ಹೋಗಂಗಿಲ್ಲ ಅಂದ್ರು. ಮನ್ಯಾಗ ಮಾವಗ ಲಕ್ವ ಹೊಡದದಂತ. ಅತ್ತಿ ಭಾಳ ಛಲೋ ಅದಾರಂತ್ರಿ, ಪಾಪ ವಯಸ್ಸಾದಾಕಿ, ಆಕಿ ಮ್ಯಾಲೆ ಎಲ್ಲಾ ಹಾಕಿ ಹೆಂಗ ಹೋಗ್ಲಿ ಭಾಮಾ ಅಂದ್ರು."

ಅಷ್ಟರಲ್ಲಿ ಲಾಲಪ್ಪನ ಎರಡನೆಯ ಕೈ ತೋಳಿನಿಂದ ಹೊರಬಂತು. ಗುಂಡಿಗಳನ್ನೂ ಒಂದೊಂದಾಗಿ ಹಾಕಿಕೊಂಡ; ಅವು ಒಂದು ಮನೆ ತಪ್ಪಿದ್ದರೂ ಅವನು ರಾಜನಂತೆ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಭಾಮಾ ತೊಡೆಯ ಕೆಳಗಿಂದ ಕೈ ತೆಗೆದು ಒಂದು ಸಲ ಚಪ್ಪಾಳೆ ತಟ್ಟಿದಳು.

"ಅವರ ಅತ್ತೆ ಅಷ್ಟೇನೂ ಒಳ್ಳೆಯವಳಲ್ಲ ಬಿಡು," ಎಂದು ಹೇಳಿ ಅಕ್ಕು ಎದ್ದಳು. ಭಾಮಾಳಿಗೆ ತಲೆಬುಡ ತಿಳಿಯಲಿಲ್ಲ.

ಮಾರನೆಯ ದಿನ ಶುಕ್ರವಾರ, ನಾಲ್ಕನೆಯ ತಾರೀಕು. ಚಿತ್ರಾ ಆಸ್ಪತ್ರೆಗೆ ಹೋಗಿದ್ದಳು. ಸುಖೇಶ್ ಅಪರೂಪಕ್ಕೆ ಮಧ್ಯಾಹ್ನದ ಊಟಕ್ಕೆ ಬಂದಿದ್ದ. ಅಕ್ಕು ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ ಬಡಿಸಿ ತಟ್ಟೆಯನ್ನು ಗಂಡನ ಮುಂದಿಟ್ಟಳು. ಮೊದಲ ತಿಂಗಳು ಚಿತ್ರಾ ತಂದಿದ್ದ, ಹಿಡಿಗೆ ದಪ್ಪ ಬಟ್ಟೆ ಸುತ್ತಿದ ಚಮಚವೊಂದು ಕಪಾಟಿನ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ತೊಳೆದು ತಟ್ಟೆಯ ಬಲಗಡೆಗೆ ಇಟ್ಟಳು. ಆಮೇಲೆ ಎದುರಿನ ಕುರ್ಚಿ ಎಳೆದು, ಕೈಕಟ್ಟಿ ಕೂತಳು.

ಸಂಕಪ್ಪ ಕಾದರು. ತಟ್ಟೆ ನೋಡಿದರು, ಹೆಂಡತಿಯನ್ನು ನೋಡಿದರು. ಅವರ ಕುತ್ತಿಗೆ ನೀರಿನ ಲೋಟದ ಕಡೆಗೆ ತಿರುಗಿತು. ಅಕ್ಕುವಿನ ಕಾಲು ತನ್ನಷ್ಟಕ್ಕೆ ನೆಲ ಒತ್ತಿತು. ಅವಳು ಏಳಲಿಲ್ಲ.

"ಅಮ್ಮ, ಅಪ್ಪನಿಗೆ ಕೊಡು," ಎಂದ ಸುಖೇಶ್.

"ಕೈ ಉಂಟಲ್ಲ ಅವರಿಗೆ."

"ಎಂತ ಹೇಳ್ತಿದ್ದಿ ನೀನು? ಚಿತ್ರಾನ ಮೇಲಿನ ಸಿಟ್ಟು ಅಪ್ಪನ ಮೇಲಾ?" ಅವನು ಎದ್ದು ತಟ್ಟೆಗೆ ಕೈ ಹಾಕಲು ಬಂದ.

"ಕೂತ್ಕೋ!" ಅಕ್ಕು ಕೂಗಿದ ಸದ್ದಿಗೆ ಪಕ್ಕದ ಮನೆಯ ನಾಯಿ ಬೊಗಳಿತು. "ಮುಟ್ಟಿದಿ ಅಂದ್ರೆ ನೋಡು!"

ಸಂಕಪ್ಪ ಎಡಗೈಯಿಂದ ಮೇಜು ಗುದ್ದಿದರು. ಕಣ್ಣು ಕೆಂಪಾಗಿತ್ತು. ಐದು ತಿಂಗಳಲ್ಲಿ ಅವರಿಗೆ ಮೊದಲ ಸಲ ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲೇ ಎಡಗೈಯಿಂದ ಬಲಗೈಯನ್ನು ಎತ್ತಿ ಚಮಚದ ಮೇಲೆ ಹಾಕಿದರು. ಬೆರಳುಗಳು ಮಡಚಿಕೊಂಡವು. ಚಮಚ ತಟ್ಟೆಗೆ ತಾಗಿ ಟಣ್ ಎಂದು ನೆಲಕ್ಕೆ ಬಿತ್ತು. ಅಕ್ಕು ಎತ್ತಿ ಒರೆಸಿ ಅದೇ ಜಾಗದಲ್ಲಿಟ್ಟು ಮತ್ತೆ ಕೈಕಟ್ಟಿದಳು. ಎರಡನೆಯ ಸಲ ಅನ್ನ ಗಲ್ಲಕ್ಕೆ ಹತ್ತಿತು. ಮೂರನೆಯ ಸಲ ಮಡಿಲಿಗೆ. ನಾಲ್ಕನೆಯ ಸಲ ನಾಲ್ಕು ಅಗುಳು ಬಾಯಿಗೆ ಹೋದವು. ಸುಖೇಶ್ ಮುಖ ತಿರುಗಿಸಿ ಗೋಡೆ ನೋಡುತ್ತ ಕೂತ. ಅಕ್ಕು ಮಾತ್ರ ರೆಪ್ಪೆ ಮುಚ್ಚದೆ ನೋಡಿದಳು. ಕಣ್ಣೀರು ತನ್ನಷ್ಟಕ್ಕೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಚ್ಚಿದರೆ ಎಲ್ಲಿ ಓಡಿಹೋಗುತ್ತವೋ ಎಂದು ಅದನ್ನೂ ಒರೆಸಲಿಲ್ಲ.

ಏಳು ಚಮಚ ಅನ್ನಕ್ಕೆ ಮುಕ್ಕಾಲು ಗಂಟೆಯಾಯಿತು. ಅಂಗಿ ಪೂರ್ತಿ ಹುಳಿ. ಸಂಕಪ್ಪ ಚಮಚ ಬಿಡಲು ಒದ್ದಾಡಿದರು. ಅವರ ಕೈಗೆ ಹಿಡಿಯುವುದಕ್ಕಿಂತ ಬಿಡುವುದೇ ಕಷ್ಟ. ಆಮೇಲೆ ಬಾಯಿ ತೆರೆದರು. ಸುಖೇಶ್ "ನೀರಾ—" ಎನ್ನಲು ಹೊರಟದ್ದನ್ನು ಅಕ್ಕು ಒಂದೇ ನೋಟದಲ್ಲಿ ತಡೆದಳು.

"ರಾಘಣ್ಣ..." ಎಂದರು ಸಂಕಪ್ಪ. ತುಂಬ ಹೊತ್ತು ಹೋಯಿತು. "ನೆನಪು... ಉಂಟಾ?"

"ಉಂಟು."

"ನಾನು... ಹೋಗ್ಬೇಕಿತ್ತು."

"ನಾನೇ ಬಿಡ್ಲಿಲ್ಲ."

"ಹ್ಞೂ," ಎಂದರು ಅವರು. "ನೀನೇ." ಸಮಾಧಾನದ ಒಂದು ಮಾತಾದರೂ ಅದಕ್ಕೆ ಸೇರಿಸಲಿಲ್ಲ. ಮತ್ತೆ ಉಸಿರು ಕೂಡಿಸಿಕೊಂಡು ಹೇಳಿದರು: "ಅವಳನ್ನು... ಬಿಡು."

ಸಂಜೆ ಚಿತ್ರಾ ಚಪ್ಪಲಿ ಬಿಡುವ ಮೊದಲೇ ಅಕ್ಕು ಬಾಗಿಲಲ್ಲಿ ಹಿಡಿದಳು.

"ಬರಲ್ಲ ಅಂತ ಬರೆದು ಕಳಿಸಿ ಆಯ್ತಾ?"

"ಬರೆದಿದ್ದೇನೆ. ಕಳಿಸ್ಲಿಲ್ಲ. ನಾಳೆ ಲಾಸ್ಟ್."

"ಅದನ್ನು ಅಳಿಸು. ಬರ್ತೇನೆ ಅಂತ ಬರಿ. ಇಲ್ಲೇ, ನನ್ನ ಎದುರು ಬರಿ."

ಚಿತ್ರಾ ಬ್ಯಾಗಿನಿಂದ ಮೊಬೈಲು ತೆಗೆದಳು.

"ಸಂತೋಷದಲ್ಲಿ ಕಳಿಸ್ತಿದ್ದೇನೆ ಅಂತ ತಿಳ್ಕೊಳ್ಬೇಡ," ಎಂದಳು ಅಕ್ಕು. "ನನಗೆ ಹೆದರಿಕೆ ಉಂಟು. ಇವರಿಗೆ ಏನಾದ್ರೂ ಆದ್ರೆ ಎಂತ ಮಾಡುದು ಅಂತ ಹೆದರಿಕೆ ಉಂಟು."

"ನನಗೂ ಉಂಟು ಅತ್ತೆ."

"ಮತ್ತೆ ಇನ್ನೊಂದು. ಆಸ್ಪತ್ರೆಯಲ್ಲಿ ಕಂಡಕಂಡವರಿಗೆಲ್ಲ ಕೈಕಟ್ಟಿ ಕೂತ್ಕೊಳ್ಳಿ ಅಂತ ಹೇಳ್ತಿ. ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ ಅತ್ತೆ, ಒಮ್ಮೆ."

"ಒಮ್ಮೆ ಹೇಳಿದ್ರೆ ಸಾಕಾ? ನಾನು ಬೈದ್ರೆ ನೀನು ಸುಮ್ಮನಾಗುದಾ? ಎಂಥ ಡಾಕ್ಟರ್ ಮಾರಾಯ್ತಿ ನೀನು!"

ಚಿತ್ರಾ ನಗಲು ಹೋಗಿ ಅತ್ತುಬಿಟ್ಟಳು. ಅತ್ತೆಯ ಹೆಗಲಿಗೆ ಮುಖವಿಟ್ಟು, ಹಾಗೆಯೇ, ಬಾಗಿಲಲ್ಲೇ. ಸುಖೇಶನಿಗೆ ಆ ರಾತ್ರಿ ವಿಷಯ ತಿಳಿದಾಗ ಅವನು ಎರಡು ದಿನ ಗುಮ್ಮೆಂದು ಇದ್ದ. ಮೂರನೆಯ ದಿನ ತಾನೇ ಹೋಗಿ ರೈಲಿನ ಟಿಕೇಟು ಮಾಡಿಸಿ ತಂದ. ದೀಪಾವಳಿಯವರೆಗೆ ಬಂದು ಇರಬೇಕೆಂದು ಪುತ್ತೂರಿನ ಬೀಗಿತ್ತಿಗೆ ಅಕ್ಕುವೇ ಫೋನು ಮಾಡಿ ಹೇಳಿದಳು.

ಚಿತ್ರಾ ಹೋದ ಮೇಲೆ ಎಲ್ಲವೂ ಸುಸೂತ್ರ ನಡೆಯಿತು ಎಂದೇನಾದರೂ ಹೇಳಿದರೆ ಅದು ಸುಳ್ಳು. ಇಂಪನಾ ಹತ್ತು ದಿನ ಸಂಜೆಯಾದರೆ ಅಳುತ್ತಿದ್ದಳು. ಮೂರು ಗಾಜಿನ ಲೋಟ, ಒಂದು ಪಿಂಗಾಣಿ ಬಟ್ಟಲು ಒಡೆದವು. ಸಂಕಪ್ಪ ಒಂದು ದಿನ ಗುಂಡಿ ಹಾಕಲಾಗದೆ ಅಂಗಿಯನ್ನೇ ಕಿತ್ತೆಸೆದರು. ಇನ್ನೊಂದು ದಿನ ಹೆಂಡತಿಗೆ "ರಾಕ್ಷಸಿ" ಎಂದರು, ಅದೂ ಒಂದೇ ಉಸಿರಿಗೆ, ಸ್ಪಷ್ಟವಾಗಿ. ಅಕ್ಕು ಆ ಮಾತನ್ನು ಫೋನಿನಲ್ಲಿ ಚಿತ್ರಾಳಿಗೆ ಹೆಮ್ಮೆಯಿಂದ ವರದಿ ಮಾಡಿದಳು. ಕೈ ಪೂರ್ತಿ ಮೊದಲಿನಂತಾಗುವುದಿಲ್ಲ, ಕಾವಲಿಯ ಮೇಲೆ ಹಿಟ್ಟು ತಿರುಗಿಸುವ ಆ ಕೈ ಇನ್ನು ಬರುವುದಿಲ್ಲ ಎಂದು ಹಿರಿಯ ಡಾಕ್ಟರು ಹೇಳಿದರು. ಅಂದು ಸಂಕಪ್ಪ ಊಟ ಮಾಡಲಿಲ್ಲ. ಅಕ್ಕುವೂ ಮಾಡಲಿಲ್ಲ. ಇಬ್ಬರೂ ಬಾಲ್ಕನಿಯಲ್ಲಿ ಕೂತು ಪಿಂಪ್ರಿಯ ಹಳೆಯ ಗಿರಾಕಿಗಳ ಹೆಸರುಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡರು.

ಚಿತ್ರಾ ಹೋಗಿ ಮೂರು ತಿಂಗಳಾದ ಮೇಲಿನ ಒಂದು ಭಾನುವಾರ. ಸುಖೇಶ್ ಹೋಟೆಲಿನಲ್ಲಿದ್ದ. ಬೀಗಿತ್ತಿ ಇಂಪನಾಳನ್ನು ಕರೆದುಕೊಂಡು ಮಗರಪಟ್ಟಾದಲ್ಲಿದ್ದ ತಮ್ಮ ನೆಂಟರ ಮನೆಗೆ ಹೋಗಿದ್ದರು. ಅಕ್ಕು ಅಡುಗೆ ಮುಗಿಸಿ ಪಾತ್ರೆಗಳನ್ನು ಮೇಜಿಗೆ ತಂದಿಡುವಷ್ಟರಲ್ಲಿ ಮೊಣಕಾಲು ಹಿಡಿದುಕೊಂಡಿತು. ಕುರ್ಚಿಯಲ್ಲಿ ಕುಕ್ಕರಿಸಿ, "ಅಯ್ಯಮ್ಮಾ" ಎಂದಳು.

ಸಂಕಪ್ಪ ಕೋಲೂರಿ ಎದ್ದು, ಕೋಲನ್ನು ಮೇಜಿಗೆ ಒರಗಿಸಿದರು. ಎಡಗೈಯಿಂದ ಒಂದು ತಟ್ಟೆ ತೆಗೆದು ಅವಳ ಮುಂದಿಟ್ಟರು. ಅಕ್ಕು ಏಳಲು ಹೋದಳು.

"ಕೂತ್ಕೋ," ಎಂದರು ಅವರು.

ಮದುವೆಯಾದ ಮೂವತ್ತೇಳು ವರ್ಷಗಳಲ್ಲಿ ಅಕ್ಕು ಊಟ ಮಾಡಿದ್ದು ಎಲ್ಲರದೂ ಆದಮೇಲೆ, ಹೆಚ್ಚಾಗಿ ನಿಂತುಕೊಂಡೇ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಬಳಿದುಕೊಂಡು. ಊರಿಗೆಲ್ಲ ಬಡಿಸಿದ ಮನೆಯಲ್ಲಿ ಅವಳಿಗೆ ಬಡಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ.

ಸಂಕಪ್ಪ ಬಲಗೈಯಲ್ಲಿ ಸೌಟು ಹಿಡಿದು, ಅದರ ಮೇಲೆ ಎಡಗೈಯಿಟ್ಟು, ಅನ್ನದ ಪಾತ್ರೆಗೆ ಇಳಿಸಿದರು. ಸೌಟು ನಡುಗುತ್ತ ಮೇಲೆ ಬಂತು. ದಾರಿಯಲ್ಲಿ ಅರ್ಧ ಮೇಜಿಗೆ ಚೆಲ್ಲಿತು. ಉಳಿದರ್ಧ ತಟ್ಟೆಯ ನಡುವಿಗೆ ಬಿತ್ತು. ಅವರು ಮತ್ತೆ ಸೌಟನ್ನು ಪಾತ್ರೆಗೆ ಇಳಿಸುತ್ತಿರುವಾಗ ಫೋನು ಬಡಿಯಿತು. ಚಿತ್ರಾ.

"ಅತ್ತೆ, ಊಟ ಆಯ್ತಾ? ಮಾವ ಹೇಗಿದ್ದಾರೆ? ಎಂತ, ಮಾತೇ ಇಲ್ಲ? ಅತ್ತೆ, ಅಳ್ತಾ ಇದ್ದೀರಾ?"

"ಆಮೇಲೆ ಮಾಡು ಮಾರಾಯ್ತಿ," ಎಂದಳು ಅಕ್ಕು. "ಇಲ್ಲಿ ನನಗೆ ಬಡಿಸ್ತಾ ಇದ್ದಾರೆ."